ಗುಂಡಿಗೆ ಹಾಕದ ನೀರು

ನನ್ನ ಗಂಡ ಸೈನ್ಯದ ಲಾರಿ ಓಡಿಸಲು ಸಿಂಗಪುರಕ್ಕೆ ಹೋಗಿದ್ದರು. ಸಿಂಗಪುರ ಜಪಾನಿಯರ ಕೈಸೇರಿದ ಮೇಲೆ ಕಾಗದ ನಿಂತುಹೋಯಿತು. ಇದ್ದಾರೋ ಇಲ್ಲವೋ ಹೇಳುವವರಿಲ್ಲ. ಸೆರೆ ಸಿಕ್ಕವರ ಊರು, ಹೆಸರುಗಳನ್ನು ಜಪಾನಿಯರ ರೇಡಿಯೊದಲ್ಲಿ ಸಂಜೆ ಓದುತ್ತಾರೆಂದು ಯಾರೋ ಮಾವನವರ ಕಿವಿಗೆ ಹಾಕಿದರು. ಓದಿದರೆ ಬದುಕಿದ್ದಾರೆ ಎಂದರ್ಥ. ಕೋಲಾರದ ನಮ್ಮ ಮನೆಯಲ್ಲಿ ಕರೆಂಟೂ ಇತ್ತು, ರೇಡಿಯೊವೂ ಇತ್ತು. ಶತ್ರುಗಳ ರೇಡಿಯೊ ಕೇಳುವುದು ಪೊಲೀಸರಿಗೆ ಗೊತ್ತಾದರೆ ಏನು ಗತಿಯೋ ಎಂದು ಕದ ಹಾಕಿಕೊಂಡು ಮಾವ, ಅತ್ತೆ, ನಾನು ಅದರ ಮುಂದೆ ಕೂರುತ್ತಿದ್ದೆವು.

ಕೇಳಿಸುತ್ತಿದ್ದುದು ಗೊರಗೊರ ಸದ್ದು ಮಾತ್ರ. ಪಕ್ಕದ ಹಿಟ್ಟಿನ ಗಿರಣಿಯ ಮೋಟಾರು ತಿರುಗಿದರೆ ರೇಡಿಯೊ ಅದನ್ನೇ ನಮಗೆ ವರದಿ ಒಪ್ಪಿಸುತ್ತಿತ್ತು. ಸದ್ದನ್ನು ನೆಲಕ್ಕೆ ಇಳಿಸುವ ರೇಡಿಯೊದ ಅರ್ತ್ ತಂತಿಯನ್ನು ಮಾವನವರು ತುಳಸಿಕಟ್ಟೆಯಲ್ಲಿ ಹೂತಿದ್ದರು. ದಿನಾ ನೀರು ಬೀಳುವ ಜಾಗ, ಯಾರೂ ತುಳಿಯುವುದಿಲ್ಲ, ಇನ್ನೇನು ಬೇಕು ಎಂದು ಅವರ ಲೆಕ್ಕ. ರಿಪೇರಿಯವನು ಬಂದು ನೋಡಿ ನಕ್ಕುಬಿಟ್ಟ.

"ಸ್ವಾಮಿ, ಕಟ್ಟೆ ಅಡೀಲಿ ಚಪ್ಪಡಿ ಐತೆ. ಈ ಮಣ್ಣು ನೆಲಾನೇ ಮುಟ್ಟಿಲ್ಲ. ಸದ್ದು ಇಳ್ದು ಹೋಗಕ್ಕೆ ದಾರಿ ಎಲ್ಲೈತೆ?"

ಹಿತ್ತಲ ಗೋಡೆ ಪಕ್ಕ ಗುಂಡಿ ತೋಡಿ, ತಂತಿ ಕಟ್ಟಿದ ತಾಮ್ರದ ತಗಡು ಇಟ್ಟು, ಇದ್ದಿಲು, ಉಪ್ಪು ಸುರಿದು ಮುಚ್ಚಿದ. "ದಿನಾ ಒಂದು ಕೊಡ ನೀರು ಹಾಕ್ಬೇಕು ಕಣಮ್ಮ. ಒಣಗಿದ್ರೆ ಮತ್ತೆ ಅದೇ ಕತೆ," ಎಂದು ನನಗೆ ಹೇಳಿ ಹೋದ.

ಸದ್ದು ಹೋಯಿತು. ನಿಜವಾದ ಭಯ ನನ್ನನ್ನು ಹಿಡಿದದ್ದು ಆಗಲೇ. ಗೊರಗೊರ ಇದ್ದಾಗ, ಅದರಲ್ಲಿ ಮುಚ್ಚಿಹೋದ ಹೆಸರು ಅವರದೇ ಇರಬಹುದು ಎಂದುಕೊಳ್ಳುತ್ತಿದ್ದೆ. ಈಗ ಒಂದೊಂದು ಹೆಸರೂ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು, ಒಂದೂ ಅವರದಲ್ಲ. ಅತ್ತೆಗೆ ಕಿವಿ ಮಂದ. ಓದಿ ಮುಗಿದೊಡನೆ, "ನಮ್ಮೋನ್ದು ಬರ್ಲಿಲ್ವೇನೇ?" ಎಂದು ನನ್ನ ಮುಖ ನೋಡುತ್ತಿದ್ದರು. ದಿನಾ ಇಲ್ಲ ಎನ್ನಬೇಕಾದವಳು ನಾನು.

ಬೇಸಿಗೆ ಬಂತು. ಒಂದು ದಿನ ಕೊಡವನ್ನು ಗುಂಡಿಯವರೆಗೆ ಒಯ್ದು, ಹಾಗೆಯೇ ವಾಪಸು ತಂದೆ. ಮರುದಿನವೂ ಅಷ್ಟೇ. ನೀರು ಹಾಕಿದೆಯಾ ಎಂದು ಮಾವ ಕೇಳಿದರೆ ಹೂಂ ಎಂದೆ. ಕೆಲವೇ ದಿನಗಳಲ್ಲಿ ಗೊರಗೊರ ಮತ್ತೆ ಶುರುವಾಯಿತು. ಬಿಸಿಲಿಗೆ ಇರಬೇಕು ಎಂದು ಮಾವ ಗೊಣಗಿದರು. ಹೇಡಿ ನಾನು, ನೆಮ್ಮದಿಯಾಗಿ ಉಸಿರಾಡಿದೆ.

ಒಂದು ಸಂಜೆ "ಕೋಲಾರ" ಎಂಬುದಷ್ಟೇ ಕೇಳಿಸಿತು. ಹೆಸರು ಗಿರಣಿಯ ಸದ್ದಿನಲ್ಲಿ ಮುಳುಗಿತು. ನಾನು ಬೆಚ್ಚಿದ್ದು ನೋಡಿ ಅತ್ತೆ ಕೈ ಹಿಡಿದುಕೊಂಡರು.

"ನಮ್ಮೋನೇ ಏನೇ?"

"ಗೊತ್ತಾಗ್ಲಿಲ್ಲ ಅತ್ತೆ."

ಬೆಳಗಾದದ್ದೇ ನಾಲ್ಕು ಕೊಡ ನೀರು ಸುರಿದೆ. ರೇಡಿಯೊ ಮತ್ತೆ ಸ್ಪಷ್ಟವಾಯಿತು, ಆದರೆ ಕೋಲಾರದ ಹೆಸರನ್ನು ಮತ್ತೆ ಓದಲಿಲ್ಲ. ಮರುವರ್ಷ ಅತ್ತೆ ತೀರಿಕೊಂಡರು, ಮಗ ಇದ್ದಾನೋ ಇಲ್ಲವೋ ತಿಳಿಯದೆಯೇ.

ಯುದ್ಧ ಮುಗಿದ ಮೇಲೆ ಅವರು ಬಂದರು, ಮೂಳೆ ಚಕ್ಕಳವಾಗಿ. ತಾಯಿ ಇಲ್ಲವೆಂದು ತಿಳಿದು, ಅತ್ತೆ ಕೂರುತ್ತಿದ್ದ ಮೂಲೆಯಲ್ಲೇ ಕೂತು ಕೇಳಿದರು. "ಸೆರೇಲಿದ್ದಾಗ ಒಂದು ಬೇಸಿಗೇಲಿ ರೇಡಿಯೋಲಿ ನನ್ನ ಹೆಸರು ಓದಿದ್ರಂತೆ, ಅಮ್ಮ ಕೇಳಿಸ್ಕೊಂಡ್ಳಾ?"

"ಹೂಂ," ಎಂದೆ.

ಮಾವ ನನ್ನ ಮುಖವನ್ನೇ ನೋಡಿದರು.