ಯಲಹಂಕದ ಮರದಡಿ ಏಸಿ ರಿಪೇರಿ

ಏಪ್ರಿಲ್ ಬಿಸಿಲು. ಅತ್ತೆಯ ಕಾರಿನಲ್ಲಿ ಚಳಿಗಾಲವೆಲ್ಲ ಮುಟ್ಟದೇ ಇದ್ದ ಏಸಿಯನ್ನು ಹೆಬ್ಬಾಳದ ಬಳಿ ಹಾಕಿದರೆ ಸದ್ದು ಬಂತು, ಗಾಳಿ ಬರಲಿಲ್ಲ. ಅತ್ತೆಗೆ ತಲೆ ಸುತ್ತತೊಡಗಿದ್ದರಿಂದ ಯಲಹಂಕದ ಗ್ಯಾರೇಜೊಂದರ ಮುಂದೆ, ಮರದ ನೆರಳಿನಲ್ಲಿ ನಿಲ್ಲಿಸಿದೆ.

ಮೆಕ್ಯಾನಿಕ್ ನಂಜುಂಡಪ್ಪನವರು ಪೈಪಿಗೆಲ್ಲ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೇನೋ ಎಂದು ಬಗ್ಗಿ ನೋಡುತ್ತಲೇ ನಿಂತರು. ನೊರೆಯ ಮೇಲೆ ಬಿಸಿಲಿನ ಬಣ್ಣಗಳು ಮೆಲ್ಲಗೆ ತಿರುಗುತ್ತಿದ್ದವು, ನನಗೂ ಮಂಪರು.

"ಗ್ಯಾಸ್ ಸೋರ್ತಿಲ್ಲ ಕಣ್ರೀ, ಗಾಳಿ ದಾರಿನೇ ಕಟ್ಕೊಂಡಿದೆ" ಎನ್ನುತ್ತ ಅವರು ಡ್ಯಾಶ್‌ಬೋರ್ಡಿನ ಕೆಳಗಿನ ಪೆಟ್ಟಿಗೆ ಬಿಚ್ಚಿದರು. ಒಳಗಿಂದ ಹಿಡಿ ತುಂಬ ಒಣಗಿದ ಸೇವಂತಿಗೆ ಬಂತು.

"ಆಯುಧಪೂಜೆದು" ಎಂದರು ಅತ್ತೆ, ಮೆಲ್ಲಗೆ. "ಸ್ಟೇರಿಂಗಿಗೆ ಇಟ್ಟೆ, ದೀಪಕ್ಕೆ ಇಟ್ಟೆ. ತಂಪು ಕೊಡೋದನ್ನ ಹೆಂಗೆ ಬಿಡ್ಲಿ? ಆ ಗಾಳಿ ಬರೋ ಜಾಲರಿಗೂ ಸಿಗ್ಸಿದ್ದೆ."

ಪೂಜೆಯ ಹೂವನ್ನು ಎಣ್ಣೆ ಮೆತ್ತಿದ ನೆಲಕ್ಕೆ ಎಸೆಯಲು ನಂಜುಂಡಪ್ಪನವರಿಗೆ ಮನಸ್ಸಾಗಲಿಲ್ಲ. ಮರದ ಬುಡದಲ್ಲಿಟ್ಟು ಬಂದು ಪೆಟ್ಟಿಗೆ ಮುಚ್ಚಿದರು. ಎಂಜಿನ್ ಶುರು ಮಾಡಿ ಏಸಿ ಹಾಕಿದೆ. ಕೆರೆಯ ಮೇಲಿಂದ ಬಂದಂಥ ತಣ್ಣನೆಯ ಗಾಳಿ ಬೀಸಿತು. ಅದರ ಜೊತೆ ಎಲ್ಲೋ ಉಳಿದಿದ್ದ ಒಂದು ಎಸಳು ತೇಲಿ ಬಂದು ಅತ್ತೆಯ ಮಡಿಲಿಗೆ ಬಿತ್ತು. ಅದನ್ನು ಕಣ್ಣಿಗೊತ್ತಿಕೊಂಡ ಅವರ ಕೈ, ಇಡಲು ಜಾಗ ಹುಡುಕುತ್ತ, ಮತ್ತೆ ಅದೇ ಜಾಲರಿಯ ಕಡೆ ಹೋಯಿತು.

ನಂಜುಂಡಪ್ಪನವರು ಆ ಎಸಳಿಗಾಗಿ ಅಂಗೈ ಚಾಚಿದರು.