ಅಂಟುಮಾವನ ಎಂಟನೇ ನಂಬರಿನ ಪಾದ

ನನ್ನ ಸೋದರಮಾವನನ್ನು ಮನೆಮಂದಿಯೆಲ್ಲ ಅಂಟುಮಾವ ಎಂದೇ ಕರೆಯುತ್ತಿದ್ದೆವು. ಮೂವತ್ತು ವರ್ಷ ಶೂ ಕಾರ್ಖಾನೆಯಲ್ಲಿ ಅಟ್ಟೆ ಅಂಟಿಸಿದವರು. ಧೂಳು ಕೂತರೆ ಅಂಟು ಹಿಡಿಯುವುದಿಲ್ಲವೆಂದು ಕೆಲಸದ ಕೋಣೆಯ ಕಿಟಕಿಗಳನ್ನು ಅದೇ ಅಂಟು ಬಳಿದು ಮುಚ್ಚಿಸಿದ್ದರು. ವಾಸನೆ ಎಂದು ಯಾರಾದರೂ ಗೊಣಗಿದರೆ ಕೇಳುವ ಮನುಷ್ಯರಲ್ಲ; ಹಿಡಿದ ಮೊಲಕ್ಕೆ ಮೂರೇ ಕಾಲು.

ಪಾದದ ವಿಷಯದಲ್ಲಂತೂ ಅವರ ಜಂಬ ಹೇಳತೀರದು. ಎಂಟನೇ ನಂಬರಿಗೆ ಅಚ್ಚು ಹೊಡೆದಂಥ ಪಾದ! ಹೊಸ ಮಾದರಿಯ ಮೊದಲ ಜೋಡಿ ಹಾಕಿಕೊಂಡು, ಮೂರು ಸುತ್ತು ನಡೆದು, ಅವರು "ಸರಿ ಇದೆ" ಎಂದ ಮೇಲೇ ಉಳಿದವು ತಯಾರಾಗುತ್ತಿದ್ದವು. ಒಳಗೆ ದಾರದ ಗಂಟು ಒತ್ತಿದರೂ ವಾಪಸು ಕಳಿಸುತ್ತಿದ್ದರು.

ಒಂದು ವರ್ಷ ಯಾಕೋ ಮಾವ ಎಲ್ಲವನ್ನೂ ಮೆಚ್ಚತೊಡಗಿದರು. "ಬೆಣ್ಣೆ ಕಣಯ್ಯಾ, ಬೆಣ್ಣೆ!" ಮಾಲೀಕನಿಗೆ ಖುಷಿಯೋ ಖುಷಿ. ಆಮೇಲೆ ಆ ಬೆಣ್ಣೆ ಅಂಗಡಿಗಳಿಂದ ಮೂಟೆಗಟ್ಟಲೆ ವಾಪಸು ಬಂತು. ಹಿಮ್ಮಡಿಯ ಹತ್ತಿರ ಮೊಳೆ ಎದ್ದಿತ್ತು. ಅದೇ ದಿನ ಅತ್ತೆ ಕಾಲುಚೀಲ ಒಗೆಯಲು ತೆಗೆದರೆ ರಕ್ತ. ಮಾವನಿಗೆ ಗಾಯವಾದದ್ದೇ ತಿಳಿದಿರಲಿಲ್ಲ.

ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು: "ಬೆನ್ನುಹುರಿಯಲ್ಲೂ ಅದರ ಪಕ್ಕದಲ್ಲೂ ಇರೋ ಜೀವಕೋಶಗಳಿಂದ ಕಾಲ್ಬೆರಳವರೆಗೂ ನರದ ಎಳೆ ಇಳಿದಿರುತ್ತೆ. ಅಂಟಿನ ಆವಿ ಅದನ್ನ ತುದಿಯಿಂದ ತಿಂತಾ ಬಂದಿದೆ. ಕೆಲಸ ಬಿಟ್ರೆ ಸ್ಪರ್ಶ ವಾಪಸ್ ಬರಬಹುದು, ಖಾತ್ರಿ ಕೊಡಲ್ಲ. ಬಿಡದಿದ್ರೆ ನಡಿಯೋದೇ ಕಷ್ಟ. ಅಲ್ಲಿ ಕಿಟಕಿ ಇಲ್ವಾ?"

ಮಾವ ಸೀಲಿಂಗ್ ಫ್ಯಾನು ನೋಡಿದರು. "ಇದ್ವು," ಎಂದರು ಅತ್ತೆ.

ನನಗೆ ಮೈಯೆಲ್ಲ ಉರಿಯಿತು. ಅದೇ ಕೋಣೆಯಲ್ಲಿ ಇನ್ನೂ ಹನ್ನೊಂದು ಜನ ಇದ್ದರಲ್ಲ! ಮರುದಿನ ಮಾವ ಉಳಿ ಹಿಡಿದು ಹೋಗಿ, ತಮ್ಮದೇ ಅಂಟಿಗೆ ಬೈಯುತ್ತ ಸಂಜೆವರೆಗೂ ಕಿಟಕಿಗಳನ್ನು ಕಿತ್ತು ತೆರೆದರು. ಹನ್ನೊಂದು ಜನರನ್ನೂ ಡಾಕ್ಟರ ಮುಂದೆ ಕೂರಿಸಿ, ಕೆಲಸ ಬಿಟ್ಟರು.

ಆಮೇಲೆ ದಿನಾ ಬೆಳಿಗ್ಗೆ ಮನೆಯಲ್ಲಿ ಪರೀಕ್ಷೆ. ಮಾವ ಕಣ್ಣು ಮುಚ್ಚಬೇಕು. ಅತ್ತೆ ಪೆನ್ಸಿಲಿನಿಂದ ಮುಟ್ಟಿದ ಬೆರಳು ಯಾವುದೆಂದು ಹೇಳಬೇಕು. ಕಳ್ಳ ಮಾವ ರೆಪ್ಪೆ ಸಂದಿಯಿಂದ ನೋಡುತ್ತಿದ್ದರು. ಅತ್ತೆ ಅವರ ಮುಖಕ್ಕೆ ಟವೆಲ್ ಹೊದಿಸಿದರು.

"ಹೆಬ್ಬೆರಳು!"

"ನಾನಿನ್ನೂ ಮುಟ್ಟೇ ಇಲ್ಲ ಕಣ್ರೀ."

ಹದಿನಾಲ್ಕು ತಿಂಗಳು ಹೀಗೇ ನಡೆಯಿತು. ಒಂದು ದಿನ ಅತ್ತೆ ತಂದ ಹೊಸ ಚಪ್ಪಲಿ ಮೆಟ್ಟಿ ಮಾವ ಬಾಗಿಲವರೆಗೆ ಹೋದರು. ಮುಖ ಸಿಂಡರಿಸಿ ನಿಂತರು.

"ಎಂಥಾ ಚಪ್ಪಲಿ ತಂದಿದೀಯೆ? ಕಚ್ಚುತ್ತೆ!"

ಅತ್ತೆಯ ಕೈಯಿಂದ ಪೊರಕೆ ಬಿತ್ತು. "ಎಲ್ಲಿ?"

"ಎಡಗಾಲು, ಕಿರುಬೆರಳು. ಈ ಸಲ ಮೋಸ ಇಲ್ಲ."

ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡರು. "ಇನ್ನೊಂದು ಸಲ ಬೈರಿ," ಎಂದರು.