ಸೀಮೆಎಣ್ಣೆಗೂ ಹೋಗದ ಕಲೆ

ನಮ್ಮಣ್ಣನಿಗೆ ಕೋಪ ಮೂಗಿನ ತುದಿಯಲ್ಲೇ. ರಸ್ತೆಗೆ ಡಾಂಬರು ಹಾಕುವ ನಮ್ಮ ಗ್ಯಾಂಗಿನಲ್ಲಿ ಅವನ ಕೈಯೇಟು ತಿನ್ನದವರಿಲ್ಲ. ಜಲ್ಲಿ ಹೊರುವ ನಾನು, ಅವನ ಸ್ವಂತ ತಂಗಿ, ನಾನೂ ತಿಂದಿದ್ದೇನೆ; ತಿರುಗಿಸಿ ಕೊಟ್ಟೂ ಇದ್ದೇನೆ. ತಲೆಗೆ ಬಟ್ಟೆ ಸುತ್ತಿಕೋ ಅಂದರೆ, "ಬಿಸಿಲು ನನ್ನದೇನ್ ಕಿತ್ಕೊಳ್ಳುತ್ತೆ?" ಅನ್ನುತ್ತಿದ್ದ. ಕಿತ್ತುಕೊಂಡಿತು.

ಅವನ ಎಡಗಿವಿಯ ಅಂಚಿನಲ್ಲಿ ಒರಟಾದ ಕಂದು ಮಚ್ಚೆ ಎದ್ದಿತು. ನಮ್ಮವರಿಗೆ ಮೈಮೇಲಿನ ಕಲೆಯೆಲ್ಲ ಡಾಂಬರೇ. ಸಂಜೆ ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜುವುದು, ಹೋಗದಿದ್ದರೆ ಇಟ್ಟಿಗೆ ಚೂರು. ಅಣ್ಣ ರಕ್ತ ಬರುವ ಹಾಗೆ ತಿಕ್ಕಿದ. ಹಕ್ಕಳೆ ಕಟ್ಟಿತು, ಮತ್ತೆ ತಿಕ್ಕಿದ. ಮಳೆಗಾಲ ಕಳೆದು ಬೇಸಿಗೆ ಬಂದರೂ ಅದೇ ಪಾಡು. "ಡಾಕ್ಟರಿಗೆ ತೋರಿಸ್ರೀ" ಎಂದ ಅತ್ತಿಗೆಯ ಮೇಲೆ ಚೊಂಬು ಎಸೆದ.

ನಾವು ಮೊಂಡಮೂಗು ಎಂದು ಕರೆಯುವ ರೋಲರ್ ಡ್ರೈವರ್ ಒಂದು ದಿನ, "ಏನಪ್ಪಾ, ಕಿವಿಗೂ ರಸ್ತೆ ಹಾಕ್ಸಿದ್ದೀಯಾ?" ಎಂದು ಹಲ್ಲು ಕಿರಿದ. ಅಣ್ಣ ಅವನನ್ನು ರೋಲರಿನಿಂದ ಕೆಳಗೆಳೆದು ಜಲ್ಲಿಯ ಮೇಲೆ ಕೆಡವಿದ. ಮೊಂಡಮೂಗಿನ ಒಂದು ಗುದ್ದು ಆ ಕಿವಿಗೇ ಬಿತ್ತು. ರಕ್ತ ನಿಲ್ಲಲೇ ಇಲ್ಲ. ನಾನೂ ಅತ್ತಿಗೆಯೂ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದೊಯ್ದೆವು.

ಡಾಕ್ಟರಮ್ಮ ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದಾಗ, "ಇದು ಡಾಂಬರಲ್ಲ, ವರ್ಷಗಟ್ಟಲೆ ಬಿಸಿಲು ಬಿದ್ದು ಎದ್ದ ಮಚ್ಚೆ. ಕ್ಯಾನ್ಸರ್ ಆಗಿದೆ. ಮೊದಲೇ ಬಂದಿದ್ರೆ ಅಷ್ಟನ್ನೇ ತೆಗೀತಿದ್ವಿ. ಈಗ ಕಿವೀನೇ ತೆಗೀಬೇಕು, ಬಿಟ್ರೆ ಕತ್ತಿಗೆ ಇಳಿಯುತ್ತೆ" ಎಂದರು. ಅಣ್ಣ ಕುರ್ಚಿ ಎತ್ತಿ ಗೋಡೆಗೆ ಅಪ್ಪಳಿಸಿದ. ಯಾವತ್ತೂ ಕೈಯೆತ್ತದ ಅತ್ತಿಗೆ ಅವನ ಕೆನ್ನೆಗೆ ಬಾರಿಸಿದಳು.

"ಕಿವಿ ಹೋದ್ರೆ ಹಾಳಾಗಿ ಹೋಗ್ಲಿ, ನೀವು ಬೇಕು ನನಗೆ!"

ಅವನು ಅಲ್ಲೇ ಕುಸಿದು ಅತ್ತ. 

ಕಿವಿ ಹೋಯಿತು, ಜೀವ ಉಳಿಯಿತು. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದವನಿಗೆ ಬಿಡಲು ಇನ್ನೊಂದು ಉಳಿಯಲಿಲ್ಲ. ತಲೆ, ಕತ್ತಿಗೆಲ್ಲ ಬಟ್ಟೆ ಸುತ್ತಿಕೊಂಡೇ ಕೆಲಸಕ್ಕೆ ಮರಳಿದ. ಆ ಸಂಜೆ ನೀರಿನ ಡ್ರಮ್ಮಿನ ಪಕ್ಕ ಮೊಂಡಮೂಗು ಕೂತು, ತನ್ನ ಮೂಗಿನ ಮೇಲಿನ ಒರಟು ಕಲೆಯನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜುತ್ತಿದ್ದ. ಅಣ್ಣ ಆ ಬಟ್ಟೆ ಕಿತ್ತೆಸೆದು ಬೆನ್ನಿಗೆ ಗುದ್ದಿದ.

"ಏಳೋ, ನಡಿ ಆಸ್ಪತ್ರೆಗೆ!"

"ಬಿಡೋ, ಡಾಂಬರು ಕಣೋ ಇದು!"

ಅಣ್ಣ ತನ್ನ ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ, ಕಿವಿಯಿಲ್ಲದ ಜಾಗವನ್ನು ಅವನ ಮುಖದ ಮುಂದೆ ಹಿಡಿದ. "ನಾನೂ ಹಂಗೇ ಅಂದಿದ್ದೆ ಕಣೋ, ಬೇಕೂಫಾ!"

ಕಾಲರ್ ಹಿಡಿದು ದರದರ ಎಳೆದುಕೊಂಡು ಹೋದ. ಗ್ಯಾಂಗಿನವರು ಬಿಡಿಸಲು ಓಡಿ ಬಂದರು. ನಾನು ಸಲಿಕೆ ಎತ್ತಿ ಅವರಿಗೆ ಅಡ್ಡ ನಿಂತೆ.